ಮೀಸೆಯ ನಕ್ಷೆಯೂ ಎರೆ ಹೊಲದ ಇಲಿಯೂ

ಆಳಂದ, ಅಫಜಲಪುರ, ಜೇವರ್ಗಿ ಸೀಮೆಯ ಎರೆ ಹೊಲದಲ್ಲಿ ಇಲಿಗೆ ಬೆಳಗಾಗುವುದು ಹೊತ್ತು ಮುಳುಗಿದ ಮೇಲೆ. ತೊಗರಿ ಸಾಲಿನ ಬುಡ, ಬಾಯ್ಬಿಟ್ಟ ನೆಲದ ಬಿರುಕು, ಬದುವಿನೊಳಗಿನ ಬಿಲ, ಎಲ್ಲೆಡೆ ಕತ್ತಲೆ. ಅಲ್ಲಿ ದಾರಿ ತೋರುವುದು ಮೀಸೆ. ಸೆಕೆಂಡಿಗೆ ಎಂಟು ಹತ್ತು ಸಲ ಅದನ್ನು ಹಿಂದೆ ಮುಂದೆ ಬೀಸುತ್ತ ಇಲಿ ಎದುರಿಗಿರುವುದನ್ನು ತಡವುತ್ತದೆ. ಈ ಸ್ಪರ್ಶವನ್ನು ಮಿದುಳು ಹೇಗೆ ಅರಿಯುತ್ತದೆ ಎಂಬ ಸಂಶೋಧನೆಗೆ ಈಗ ಅರ್ಧ ಶತಮಾನ ದಾಟಿದೆ. ಅದನ್ನು ತೂಗಿ ನೋಡುವ ಕಾಲ ಬಂದಿದೆ.

1970ರಲ್ಲಿ ಥಾಮಸ್ ವೂಲ್ಸಿ ಮತ್ತು ಹೆಂಡ್ರಿಕ್ ವಾನ್ ಡರ್ ಲೋಸ್ ಸುಂಡಿಲಿಯ ಮಿದುಳಿನ ಹೊರಪದರವನ್ನು ಸೀಳಿ ನೋಡಿದಾಗ ಕಂಡದ್ದು ಪೀಪಾಯಿ ಆಕಾರದ ಜೀವಕೋಶಗಳ ಗುಂಪುಗಳು. ಒಂದೊಂದು ಮೀಸೆಗೆ ಒಂದೊಂದು ಪೀಪಾಯಿ; ಮೂತಿಯ ಮೇಲೆ ಐದು ಸಾಲಿದ್ದರೆ ಮಿದುಳಿನಲ್ಲೂ ಐದು ಸಾಲು, ಕೂರಿಗೆ ಹಿಡಿದು ಬಿತ್ತಿದ ಹಾಗೆ. ಹುಟ್ಟಿದ ಕೂಡಲೇ ಮರಿಯ ಮೀಸೆಯ ಬುಡವನ್ನು ಸುಟ್ಟರೆ ಅದರ ಪೀಪಾಯಿ ಮೂಡುವುದೇ ಇಲ್ಲವೆಂದು 1973ರಲ್ಲಿ ಅವರೇ ತೋರಿಸಿದರು. ಇದು ನಿಜಕ್ಕೂ ದೊಡ್ಡ ಕೆಲಸ.

ಆದರೆ ಪೀಪಾಯಿಗಳ ಈ ನಕ್ಷೆಯ ಅಂದವೇ ಕಣ್ಣು ಕಟ್ಟಿತು.

ಒಂದೇ ಬಲದ ಸ್ಪರ್ಶ ಒಮ್ಮೆ ಇಲಿಗೆ ಗೊತ್ತಾಗುತ್ತದೆ, ಇನ್ನೊಮ್ಮೆ ಗೊತ್ತಾಗುವುದಿಲ್ಲ. ಇದಕ್ಕೆ ನಕ್ಷೆಯಲ್ಲಿ ಉತ್ತರವಿಲ್ಲ; ನರಕೋಶಗಳ ಆ ಕ್ಷಣದ ಚಟುವಟಿಕೆಯಲ್ಲಿದೆ. 2016ರಲ್ಲಿ ನಾವೋಯಾ ತಕಹಾಶಿ, ಮ್ಯಾಥ್ಯೂ ಲಾರ್ಕಮ್ ಮೊದಲಾದವರು ಮಾಡಿದ ಪ್ರಯೋಗ ಇಲ್ಲಿ ಮುಖ್ಯ. ಹೊರಪದರದೊಳಗಿನ ಐದನೆಯ ಪದರದ ನರಕೋಶಗಳು ಮೇಲಕ್ಕೆ ಚಾಚುವ ಕೊಂಬೆಗಳಲ್ಲಿ ಕ್ಯಾಲ್ಸಿಯಂ ಏರಿಳಿತವನ್ನು ಅವರು ಅಳೆದರು. ಆ ಏರಿಕೆಯನ್ನು ತಗ್ಗಿಸಿದಾಗ, ಮೊದಲು ತಿಳಿಯುತ್ತಿದ್ದ ಸ್ಪರ್ಶವೇ ಸುಂಡಿಲಿಗೆ ತಿಳಿಯದಾಯಿತು. ಅರಿವಿನ ಹೊಸ್ತಿಲನ್ನು ಎತ್ತುವ, ಇಳಿಸುವ ಕೈ ಸಿಕ್ಕಿತೆಂದು ಹಲವರಿಗೆ ಅನಿಸಿದ್ದು ಸಹಜ.

ಎರಡೇ ವರ್ಷದಲ್ಲಿ ಇನ್ನೊಂದು ಮಾತು ಬಂತು. 2018ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ರ‍್ಯಾಂಡಿ ಬ್ರೂನೋ ತಂಡ ಪೀಪಾಯಿಗಳಿರುವ ಭಾಗವನ್ನೇ ತೆಗೆದುಹಾಕಿತು. ಸುಂಡಿಲಿಗಳು ಮೊದಲು ಎಡವಿದವು, ಬೇಗನೆ ಸುಧಾರಿಸಿಕೊಂಡು ಸ್ಪರ್ಶವನ್ನು ಮತ್ತೆ ಗುರುತಿಸಿದವು. ಹಾಗಾದರೆ ಆ ಭಾಗ ವ್ಯರ್ಥವೇ? ಅಲ್ಲ. ಹಟ್ಸನ್ ಮತ್ತು ಮಾಸ್ಟರ್‌ಟನ್ 1986ರಲ್ಲೇ ಕಂಡಿದ್ದರು: ಅದಿಲ್ಲದ ಇಲಿಗೆ ಮೀಸೆ ಅಲುಗಿದ್ದು ತಿಳಿಯುತ್ತದೆ, ಆದರೆ ಕತ್ತಲಲ್ಲಿ ಮೀಸೆ ಚಾಚಿ ಕಂದರದ ಆಚೆ ದಡ ತಡವಿ ದಾಟಲು ಆಗುವುದಿಲ್ಲ.

ಈ ಸಂಶೋಧನಾ ಪದ್ಧತಿಯ ಕೊರತೆ ಇಲ್ಲೇ ಇದೆ. ತಲೆ ಬಿಗಿದ ಸುಂಡಿಲಿ, ಮೀಸೆಗೊಂದು ತಟ್ಟು, ಸರಿಯುತ್ತರಕ್ಕೊಂದು ಹನಿ ನೀರು: ಅಳೆಯಲು ಸುಲಭ, ಬದುಕಿಗೆ ದೂರ. ಎರೆ ನೆಲದ ಬಿರುಕಿನ ಅಂಚಿನಲ್ಲಿ ನಿಂತ ಇಲಿ ಕೇಳುವುದು "ಏನೋ ತಾಗಿತೇ?" ಎಂದಲ್ಲ, "ಜಿಗಿಯಲೇ?" ಎಂದು. ಎರಡಕ್ಕೂ ಸೂಕ್ಷ್ಮತೆ ಎಂಬ ಒಂದೇ ಹೆಸರು ಅಂಟಿಸಿದ್ದರಿಂದಲೇ ಇಷ್ಟು ಗೊಂದಲ.

ಆ ಜಿಗಿತವನ್ನು ಹೊಲದಲ್ಲೇ ನೋಡಬಲ್ಲವರು ಹತ್ತಿರವೇ ಇದ್ದಾರೆ: 2009ರಲ್ಲಿ ಸ್ಥಾಪನೆಯಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ ಆಳಂದ ತಾಲೂಕಿನ ಕಡಗಂಚಿಯಲ್ಲಿದೆ. ಕತ್ತಲಲ್ಲೂ ಚಿತ್ರ ಹಿಡಿಯುವ ಕ್ಯಾಮೆರಾ ಇಟ್ಟು ತೊಗರಿ ಸಾಲಿನ ಇಲಿ ಬಿರುಕು ದಾಟುವುದನ್ನು ದಾಖಲಿಸಲು ಮಿದುಳು ಸೀಳಬೇಕಿಲ್ಲ. ಇಲ್ಲಿನ ವಿದ್ಯಾರ್ಥಿಗಳು ಆ ಕೆಲಸಕ್ಕೆ ಕೈ ಹಾಕಲಿ.