ವ್ಯುತ್ಪತ್ತಿಯೂ ಪ್ರಯೋಗವೂ: ಬೈಬಲ್ ವ್ಯಾಖ್ಯಾನದಲ್ಲಿ ಪದಾರ್ಥದ ಪ್ರಶ್ನೆ

ಬೈಬಲಿನ ಪದಗಳ ಅರ್ಥವನ್ನು ಅವುಗಳ ಧಾತುವಿನಲ್ಲಿ ಅರಸುವ ಕ್ರಮವನ್ನು ಜೇಮ್ಸ್ ಬಾರ್ ಅವರು 1961ರ 'ದ ಸೆಮ್ಯಾಂಟಿಕ್ಸ್ ಆಫ್ ಬಿಬ್ಲಿಕಲ್ ಲ್ಯಾಂಗ್ವೇಜ್' ಕೃತಿಯಲ್ಲಿ ಕಟುವಾಗಿ ವಿಮರ್ಶಿಸಿದರು. ಗೆರ್‌ಹಾರ್ಡ್ ಕಿಟ್ಟೆಲ್ ಅವರ ಸಂಪಾದಕತ್ವದಲ್ಲಿ ಆರಂಭವಾದ ಹೊಸ ಒಡಂಬಡಿಕೆಯ ದೈವಶಾಸ್ತ್ರೀಯ ನಿಘಂಟು ಆ ವಿಮರ್ಶೆಯ ಮುಖ್ಯ ಗುರಿಗಳಲ್ಲೊಂದು. ಬಾರ್ ಅವರ ವಾದ ಇಂದಿಗೂ ಸಲ್ಲುತ್ತದೆ. ಆದರೆ ಅದರ ಎಲ್ಲೆಯನ್ನೂ ಗುರುತಿಸಬೇಕೆಂಬುದು ನಮ್ಮ ನಿಲುವು.

ಗ್ರೀಕಿನ 'ಎಕ್ಲೇಸಿಯಾ' ಪದವನ್ನು ನೋಡೋಣ. 'ಹೊರಗೆ' ಮತ್ತು 'ಕರೆ' ಎಂಬ ಅಂಶಗಳಿಂದಾದ ಇದಕ್ಕೆ 'ಲೋಕದಿಂದ ಹೊರಗೆ ಕರೆಯಲ್ಪಟ್ಟವರು' ಎಂದು ಅರ್ಥ ಹೇಳುವುದುಂಟು. ಆದರೆ ಅಪೊಸ್ತಲರ ಕೃತ್ಯಗಳ 19ನೆಯ ಅಧ್ಯಾಯದಲ್ಲಿ, ಎಫೆಸದ ರಂಗಮಂದಿರದಲ್ಲಿ ಗದ್ದಲವೆಬ್ಬಿಸಿದ ಗುಂಪಿಗೂ ಇದೇ ಪದವಿದೆ. ನಮ್ಮ ಶಾಸ್ತ್ರಪರಿಭಾಷೆಯಲ್ಲಿ ಹೇಳುವುದಾದರೆ, ಇಲ್ಲಿ ಯೋಗಾರ್ಥಕ್ಕಿಂತ ರೂಢ್ಯರ್ಥವೇ ಪ್ರಬಲ.

ಲೌ ಮತ್ತು ನೈಡಾ ಅವರ 1988ರ ನಿಘಂಟು ಪದಗಳನ್ನು 93 ಅರ್ಥಕ್ಷೇತ್ರಗಳಲ್ಲಿ ವಿಂಗಡಿಸಿ ಈ ದೋಷದಿಂದ ಪಾರಾಗುತ್ತದೆ. ಆದರೂ ಅರ್ಥಗಳನ್ನು ಬಿಡಿಬಿಡಿಯಾಗಿ ಎಣಿಸುವಾಗ ಪ್ರಯೋಗದ ನೆನಪು ಮರೆಯಾಗಬಹುದು. ಅಪೊಸ್ತಲರ ಕೃತ್ಯಗಳ 7:38ರಲ್ಲಿ ಸ್ತೆಫನನು ಅರಣ್ಯದಲ್ಲಿದ್ದ ಇಸ್ರಾಯೇಲರ ಸಭೆಯನ್ನು ಎಕ್ಲೇಸಿಯಾ ಎನ್ನುತ್ತಾನೆ. ಧರ್ಮೋಪದೇಶಕಾಂಡದ ಪ್ರಾಚೀನ ಗ್ರೀಕ್ ಅನುವಾದವು ಹೋರೇಬಿನ ಸಭೆಗೆ ಬಳಸಿದ ಪದವೇ ಇದು. ಈ ಅನುರಣನ ಧಾತುವಿನಿಂದ ಹುಟ್ಟಿದ್ದಲ್ಲ, ಓದಿನ ಪರಂಪರೆಯಿಂದ ಬಂದದ್ದು. ವ್ಯುತ್ಪತ್ತಿಯನ್ನು ನಿರಾಕರಿಸುವ ಭರದಲ್ಲಿ ಪ್ರಯೋಗದ ಚರಿತ್ರೆಯನ್ನೂ ಕೈಬಿಟ್ಟರೆ, ಸ್ತೆಫನನ ಮಾತಿನ ಅರ್ಧ ನಮಗೆ ಕೇಳಿಸದೆಯೇ ಉಳಿಯುತ್ತದೆ.