ಸೂಜಿ ನೋಡಿ ಕ್ಲಿಕ್ಕಿಸುವ ಕ್ಯಾಮೆರಾ

ಪೆಂಟಾಕ್ಸ್ ಕೆ1000 ಮಾರುಕಟ್ಟೆಗೆ ಬಂದದ್ದು 1976ರಲ್ಲಿ, ತಯಾರಿಕೆ ನಿಂತದ್ದು 1997ರಲ್ಲಿ. ದುಬಾರಿ ನಿಕಾನ್‌ಗೂ ಪ್ರವಾಸಕ್ಕೆ ಒಯ್ಯುವ ಸರಳ ಹಾಟ್‌ಶಾಟ್ ಕ್ಯಾಮೆರಾಗೂ ನಡುವಿನ ಕ್ಯಾಮೆರಾ ಇದು. ಆಟೋಫೋಕಸ್ ಇಲ್ಲ, ಸೆಲ್ಫ್ ಟೈಮರ್ ಕೂಡ ಇಲ್ಲ. ವ್ಯೂಫೈಂಡರಿನ ಬಲಕ್ಕೆ ಬೆಳಕಿನ ಮೀಟರಿನ ಒಂದು ಸೂಜಿ. ಅದು ನಟ್ಟನಡುವೆ ನಿಂತರೆ ಬೆಳಕು ಸರಿ.

ಆದರೆ ಚಿತ್ರದುರ್ಗದ ಕೋಟೆಯಲ್ಲಿ ಆ ಸೂಜಿಯನ್ನು ಪೂರ್ತಿ ನಂಬುವಂತಿಲ್ಲ. ಬಿಸಿಲಿಗೆ ಬೆಳ್ಳಗೆ ಹೊಳೆಯುವ ಬಂಡೆಯೇ ಚೌಕಟ್ಟು ತುಂಬಿದರೆ ಮೀಟರು ಮೋಸಹೋಗುತ್ತದೆ, ಮುಂದೆ ನಿಂತವರ ಮುಖ ಕಪ್ಪಾಗುತ್ತದೆ. ಬಲ್ಲವರು ಹತ್ತಿರ ಹೋಗಿ ಮುಖದ ಬೆಳಕು ಅಳೆದು, ಹಿಂದೆ ಸರಿದು ಕ್ಲಿಕ್ಕಿಸುತ್ತಾರೆ. ಹಿರಿಯೂರಿನ ವಾಣಿವಿಲಾಸ ಸಾಗರದ ನೀರನ್ನು ಬೆನ್ನಿಗಿಟ್ಟು ನಿಂತವರಿಗೂ, ಹೊಳಲ್ಕೆರೆಯ ಬಯಲು ಗಣಪತಿಯ ಮುಂದೆ ನಿಂತವರಿಗೂ ಇದೇ ಉಪಾಯ. ಹೊಸದುರ್ಗದ ತೆಂಗಿನ ತೋಟದ ಚುಕ್ಕೆ ಚುಕ್ಕೆ ನೆರಳಿಗೆ ಮಾತ್ರ ಬೇರೆ ಲೆಕ್ಕ: ಮೋಡ ಬರುವವರೆಗೆ ಕಾಯುವುದು.

ಇಟ್ಟುಕೊಂಡವರಿಗೆ ಇದರ ಕುಂದುಗಳೂ ಗೊತ್ತು. ಮೀಟರಿಗೆ ಸ್ವಿಚ್ ಇಲ್ಲ. ಲೆನ್ಸಿಗೆ ಮುಚ್ಚಳ ಹಾಕದಿದ್ದರೆ ಬ್ಯಾಟರಿ ಸುಮ್ಮನೆ ಕರಗುತ್ತದೆ. ಷಟರ್ ವೇಗಕ್ಕೆ ಫ್ಲ್ಯಾಶ್ ಹೊಂದುವುದು ಸೆಕೆಂಡಿನ 60ನೇ ಒಂದು ಭಾಗದವರೆಗೆ ಮಾತ್ರ. ವಯಸ್ಸಾದಂತೆ ಹಿಂಬಾಗಿಲಿನ ಸ್ಪಂಜು ಪುಡಿಯಾಗಿ ಫಿಲ್ಮಿಗೆ ಬೆಳಕು ನುಸುಳುತ್ತದೆ. ಅದನ್ನು ಬದಲಿಸುವುದು ಸುಲಭ.

ಬ್ಯಾಟರಿ ಪೂರ್ತಿ ಸತ್ತರೂ ಷಟರ್ ನಿಲ್ಲದು. ಅದಕ್ಕೆ ಬೇಕಾದ ಬಲವೆಲ್ಲ ಫಿಲ್ಮ್ ಮುಂದೂಡಲು ನಾವು ಎಳೆಯುವ ಸನ್ನೆಯದೇ. 36 ಚಿತ್ರಗಳ ರೋಲಿನಲ್ಲಿ ಒಂದೊಂದಕ್ಕೂ ಬೆಳಕು ಓದಲು ಕಲಿಸಿದ ಈ ಕ್ಯಾಮೆರಾ ಛಾಯಾಗ್ರಹಣದ ಒಳ್ಳೆಯ ಮೇಷ್ಟ್ರು.