ಮಹಾಮಳಿಗೆಯಲ್ಲಿ ಗುರಿಯಿಲ್ಲದ ನಡಿಗೆ

ಪ್ಯಾರಿಸ್ಸಿನ ಗಾಜುಮಾಡಿನ ಅಂಗಡಿಸಾಲುಗಳಲ್ಲಿ ಕಾರ್ಯವಿಲ್ಲದೆ ಅಲೆಯುವ ವಿಹಾರಿಯನ್ನು ಕುರಿತು ವಾಲ್ಟರ್ ಬೆಂಜಮಿನ್ 1927ರಲ್ಲಿ ಆರಂಭಿಸಿದ ಗ್ರಂಥವು, 1940ರಲ್ಲಿ ಅವನು ಮೃತನಾದಾಗ ಅಪೂರ್ಣವಾಗಿಯೇ ಉಳಿದು, 1982ರಲ್ಲಿ ಅಚ್ಚಾಯಿತು. ಮಹಾಮಳಿಗೆಯೇ ಆ ವಿಹಾರಿಯ ಕಡೆಯ ಸಂಚಾರಸ್ಥಾನವೆಂಬುದು ಅವನ ಮತ. ಅಲ್ಲಿಯ ಸಂಚಾರವು ಯಾರ ಅಧೀನವೆಂಬುದನ್ನಾದರೋ ಎಮಿಲ್ ಜೋಲಾ 'ಓ ಬೊನೂರ್ ದೆ ದಾಮ್' ಎಂಬ 1883ರ ಕಾದಂಬರಿಯಲ್ಲಿ ಮೊದಲೇ ಚಿತ್ರಿಸಿದ್ದನು.

ಮಳಿಗೆಯ ಒಡೆಯನಾದ ಮುರೆಯು ವಿಭಾಗಗಳ ಕ್ರಮವನ್ನು ಬೇಕೆಂದೇ ಕೆಡಿಸುತ್ತಾನೆ. ಒಂದು ವಸ್ತುವಿಗಾಗಿ ಬಂದವಳು ದಾರಿತಪ್ಪಿ ಮಳಿಗೆಯನ್ನೆಲ್ಲ ಸುತ್ತಬೇಕು. ಅರಸದುದನ್ನೂ ಕಂಡು ಬಯಸಬೇಕು. ನಡೆಯುವವಳಿಗೆ ಗುರಿಯಿಲ್ಲ, ನಡೆಸುವವನಿಗೆ ಉಂಟು. ಸ್ವಚ್ಛಂದವೆಂದು ತೋರುವ ವಿಹಾರವು ಪರಾಧೀನವೆಂಬ ಅರ್ಥವನ್ನು ಉಪದೇಶದ ಹಂಗಿಲ್ಲದೆ ಸನ್ನಿವೇಶದಿಂದಲೇ ಧ್ವನಿಸಿರುವುದು ಈ ಕೃತಿಯ ಶ್ರೇಷ್ಠ ಗುಣ.

ಆದರೆ ಮುಕ್ತಾಯದಲ್ಲಿ ಔಚಿತ್ಯಭಂಗವಾಗಿದೆ. ಎದುರಿನ ಹಳೆಯ ಜವಳಿಯಂಗಡಿಯ ಬೋದೂ ಮಡದಿಯನ್ನೂ ಮಗಳನ್ನೂ ಕಳೆದುಕೊಂಡು ಹಾಳಾಗುತ್ತಾನೆ. ಅವನ ಸೋದರನ ಮಗಳಾದ ದೆನೀಸಳು ಅದೇ ಮುರೆಯನ್ನು ವರಿಸಲೊಪ್ಪಿ ಕಥೆಯು ಮಂಗಳಾಂತವಾಗುತ್ತದೆ. ಸುಶೀಲೆಯಾದ ನಾಯಿಕೆಯು ಕೈಹಿಡಿದ ಮಾತ್ರಕ್ಕೆ ಬಲೆಯೊಡ್ಡಿದವನ ಯುಕ್ತಿಯು ನಿರ್ದೋಷವಾಗದು. ಅನೇಕ ಅಧ್ಯಾಯಗಳಲ್ಲಿ ಕಟ್ಟಿದ ಆಕ್ಷೇಪವನ್ನು ಕಾದಂಬರಿಕಾರನು ಕಡೆಯ ಪುಟದಲ್ಲಿ ತಾನೇ ಸಡಿಲಿಸಿಬಿಟ್ಟಿದ್ದಾನೆ.